ಗದ್ದುಗೆ ಗೆದ್ದದ್ದು ಒಂದು ವರ್ಷ, ನಾಡು ಗೆದ್ದದ್ದು 24 ವರ್ಷ
(ಚಾಲುಕ್ಯ ತೈಲಪ ಮತ್ತು ಅವನ ಪ್ರತಿಸ್ಪರ್ಧಿಗಳು)

ದೇವಸ್ಥಾನಗಳ ಅಂಗಳದಲ್ಲಿ ನಿಂತಿರುವ ಹಳೆಯ ಶಾಸನದ ಕಲ್ಲುಗಳನ್ನು ಭಕ್ತರೆಲ್ಲರೂ ಕಂಡವರೇ. ಮೇಲೆ ಸೂರ್ಯ ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಹಸು ಕರು. ಕೆಳಗಿನ ಸಾಲುಗಳಲ್ಲಿ ಮೊದಲು ಬರುವುದು ಆ ಕಾಲಕ್ಕೆ ನಾಡನ್ನಾಳುತ್ತಿದ್ದ ಅರಸನ ಹೆಸರು. ನಂತರ ಅವನ ಸಾಮಂತನ ಹೆಸರು, ಆಮೇಲೆ ದತ್ತಿ ಕೊಟ್ಟವರ ಹೆಸರು, ಭೂಮಿಯ ಚತುಸ್ಸೀಮೆ, ಕೊನೆಗೆ ದತ್ತಿಯನ್ನು ಕಿತ್ತುಕೊಂಡವರಿಗೆ ಶಾಪ. ದೇವರಿಗೆ ದೀಪದ ಎಣ್ಣೆ ಬಿಟ್ಟವರೂ ಇದೇ ಕ್ರಮದಲ್ಲಿ ಬರೆಯಿಸುತ್ತಿದ್ದರು.

ಆದ್ದರಿಂದ ಒಂದೇ ಗದ್ದುಗೆಗೆ ಇಬ್ಬರು ಮೂವರು ಹಕ್ಕುದಾರರು ಎದ್ದಾಗ ಯಾವ ಊರಿನವರು ಯಾರನ್ನು ಅರಸನೆಂದು ಒಪ್ಪಿದರು ಎಂಬುದನ್ನು ಇಂಥ ದತ್ತಿ ಶಾಸನಗಳೇ ಹೇಳುತ್ತವೆ. ಸಾವಿರ ವರ್ಷಗಳ ಹಿಂದೆ ಈ ಭೀಮಾ ತೀರದಲ್ಲಿ ಹುಟ್ಟಿದ ಒಂದು ಹೊಸ ರಾಜವಂಶ ಎಷ್ಟು ಕಷ್ಟಪಟ್ಟು ನೆಲೆ ನಿಂತಿತು ಎಂಬುದನ್ನೂ ಅವುಗಳಿಂದಲೇ ತಿಳಿಯಬಹುದು.

ಅಂದು ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ವಿಜಯಪುರ, ಕಲಬುರ್ಗಿ ಎಂದು ಗಡಿ ಇರಲಿಲ್ಲ. ಕಾಗಿಣಾ ನದಿಯ ದಂಡೆಯ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. ಭೀಮಾ ನದಿಯ ದಕ್ಷಿಣ ದಂಡೆಯ ತದ್ದೇವಾಡಿಯ ಸುತ್ತಣ ನಾಡಿಗೆ ತರ್ದವಾಡಿ ಸಾಸಿರ ಎಂದು ಹೆಸರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೈಕೆಳಗೆ ಆ ನಾಡನ್ನು ಆಳುತ್ತಿದ್ದ ಸಾಮಂತನೇ ಚಾಲುಕ್ಯ ವಂಶದ ತೈಲಪ. ಕ್ರಿ.ಶ. 965ರ ಶಾಸನದಲ್ಲಿ ಅವನು ಸಾಮಂತನಾಗಿಯೇ ಕಾಣಿಸುತ್ತಾನೆ. ಅವನ ಮಡದಿ ಜಾಕಬ್ಬೆಯೂ ರಟ್ಟರ, ಎಂದರೆ ರಾಷ್ಟ್ರಕೂಟರ ಕುಲದವಳು. ತಾಯಿ ಬೊಂತಾದೇವಿ ಚೇದಿಯ ಕಲಚುರಿ ಅರಸ ಲಕ್ಷ್ಮಣನ ಮಗಳು. ತಾವು ಬಾದಾಮಿಯ ಚಾಲುಕ್ಯರ ಬಳ್ಳಿಯವರೆಂಬ ಅಭಿಮಾನ ಅವನ ಮನೆತನಕ್ಕಿತ್ತು. ಆದರೆ ಬಾದಾಮಿಯ ರಾಜ್ಯ ರಾಷ್ಟ್ರಕೂಟರ ಪಾಲಾಗಿ ಇನ್ನೂರು ವರ್ಷ ಕಳೆದಿತ್ತು.

ಕ್ರಿ.ಶ. 967ರಲ್ಲಿ ಮೂರನೆಯ ಕೃಷ್ಣ ತೀರಿಕೊಂಡ. ಅವನ ತಮ್ಮ ಖೊಟ್ಟಿಗನ ಕಾಲದಲ್ಲಿ, 972ರಲ್ಲಿ, ಮಾಳವದ ಪರಮಾರ ಅರಸ ಸೀಯಕನು ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆಮಾಡಿದ. ಕಾವೇರಿಯಾಚೆಗೂ ತಮ್ಮ ಸೈನ್ಯವನ್ನು ಕಳಿಸಿದ್ದ ರಾಷ್ಟ್ರಕೂಟರು ಸ್ವಂತ ರಾಜಧಾನಿಯನ್ನೇ ಕಾಯಲಾರದೆ ಹೋದರು. ಖೊಟ್ಟಿಗನ ನಂತರ ಪಟ್ಟಕ್ಕೆ ಬಂದ ಎರಡನೆಯ ಕರ್ಕನನ್ನು ಮರುವರ್ಷ 973ರಲ್ಲಿ ತೈಲಪನು ಸೋಲಿಸಿ ಗದ್ದುಗೆಯೇರಿದ. ತಾಳಿದವನು ಬಾಳಿಯಾನು ಎಂಬ ಗಾದೆಗೆ ಈ ಸಾಮಂತನೇ ಸಾಕ್ಷಿ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ, ಅಲ್ಲಿಂದ ಆರಂಭವಾಯಿತು. ಅಂಗಡಿಯ ಒಡೆತನ ಬದಲಾದರೆ ಬಾಗಿಲ ಮೇಲಿನ ಬೋರ್ಡು ಒಂದೇ ದಿನದಲ್ಲಿ ಬದಲಾಗುತ್ತದೆ. ಹಳೆಯ ಗಿರಾಕಿಗಳ ನಂಬಿಕೆ ಹಾಗೆ ಒಂದೇ ದಿನದಲ್ಲಿ ಹೊಸಬನ ಕೈಗೆ ಬರುವುದಿಲ್ಲ. ರಾಜ್ಯದ ಮಾತೂ ಇದೇ. ಎರಡು ನೂರು ವರ್ಷ ರಾಷ್ಟ್ರಕೂಟರ ಉಪ್ಪುಂಡ ಮನೆತನಗಳು ನಿನ್ನೆಯವರೆಗೆ ತಮ್ಮ ಸರಿಸಮನಾಗಿದ್ದ ಸಾಮಂತನಿಗೆ ಇಂದು ತಲೆಬಾಗುವುದೆಂದರೆ ಸುಲಭವೇ?

ಮೊದಲು ಎದುರಾದವನು ಗಂಗವಾಡಿಯ ಅರಸ ಮಾರಸಿಂಹ. ರಾಷ್ಟ್ರಕೂಟರ ಪರವಾಗಿ ಅನೇಕ ಯುದ್ಧಗಳನ್ನು ಗೆದ್ದುಕೊಟ್ಟ ವೀರನಿವನು. ಮೂರನೆಯ ಕೃಷ್ಣನ ಮೊಮ್ಮಗನಾದ ಇಂದ್ರನು ಮಾರಸಿಂಹನಿಗೆ ಸೋದರಳಿಯನಾಗಬೇಕು. ಮಾರಸಿಂಹನು ಆ ಇಂದ್ರನಿಗೆ ಪಟ್ಟ ಕಟ್ಟಿ, ಇವನೇ ನಿಜವಾದ ಚಕ್ರವರ್ತಿ ಎಂದು ಸಾರಿದ. ಹೀಗೆ ಒಂದು ನಾಡಿಗೆ ಇಬ್ಬರು ಒಡೆಯರಾದರು. ಆದರೆ ಕಾಲ ಕೂಡಿಬರಲಿಲ್ಲ. ಮಾರಸಿಂಹನು ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನಾಚರಿಸಿ 974ರ ಸುಮಾರಿಗೆ ದೇಹ ಬಿಟ್ಟ. ಶ್ರವಣಬೆಳಗೊಳದ ಕಂಬದ ಶಾಸನ ಇದನ್ನು ಹೇಳುತ್ತದೆ. ಇಂದ್ರನೂ ಮುಂದೆ 982ರಲ್ಲಿ ಶ್ರವಣಬೆಳಗೊಳದಲ್ಲಿಯೇ ಅದೇ ವ್ರತದಿಂದ ಮುಡಿಪಿದ. ಚೆಂಡಾಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲವೆಂದು ಅಲ್ಲಿಯ ಶಾಸನ ಹೊಗಳುತ್ತದೆ. ಸಾಮ್ರಾಜ್ಯಕ್ಕೆ ಹಕ್ಕುದಾರನಾಗಿದ್ದವನ ಹೆಸರಿಗೆ ಉಳಿದ ಮರ್ಯಾದೆ ಆ ಕಲ್ಲಿನದು. ಸೋತವರಾದರೂ ಇವರ ಅಂತ್ಯದಲ್ಲಿ ಹೇಡಿತನವಿಲ್ಲ.

ಎರಡನೆಯ ಪ್ರತಿಸ್ಪರ್ಧಿ ಪಾಂಚಾಲದೇವ. ಇವನೂ ಗಂಗ ಕುಲದವನೇ. ಮಾರಸಿಂಹನ ತರುವಾಯ ಕೃಷ್ಣಾ ನದಿಯ ದಕ್ಷಿಣದ ನಾಡೆಲ್ಲ ತನ್ನದೆಂದು ಹೇಳಿಕೊಂಡ. 975ರ ಮುಳಗುಂದದ ಶಾಸನದಲ್ಲಿ ಒಡೆಯನೆಂದು ಬರುವ ಹೆಸರು ತೈಲಪನದಲ್ಲ, ಪಾಂಚಾಲದೇವನದು! ಅಂದರೆ ತೈಲಪ ಗದ್ದುಗೆಯೇರಿ ಎರಡು ವರ್ಷವಾದರೂ ಗದಗಿನ ಸೀಮೆ ಅವನನ್ನು ಒಪ್ಪಿರಲಿಲ್ಲ. ಆದರೆ ಗಂಗರಲ್ಲಿಯೇ ಒಡಕಿತ್ತು. ಇನ್ನೊಬ್ಬ ಹಕ್ಕುದಾರ ರಾಚಮಲ್ಲನ ಬೆನ್ನಿಗೆ, ಮುಂದೆ ಗೊಮ್ಮಟನನ್ನು ನಿಲ್ಲಿಸಿ ಅಮರನಾದ ಮಂತ್ರಿ ಚಾವುಂಡರಾಯನಿದ್ದ. 977ರ ಸುಮಾರಿಗೆ ತೈಲಪನು ಭೂತಿಗನೆಂಬ ಸಾಮಂತನ ನೆರವಿನಿಂದ ಪಾಂಚಾಲದೇವನನ್ನು ಯುದ್ಧದಲ್ಲಿ ಕೊಂದ. ಮಲಪ್ರಭೆಯ ಸೀಮೆ ಆಗ ತಿರುಗಿತು. 980ರಲ್ಲಿ ಸವದತ್ತಿಯ ಶಾಂತಿವರ್ಮನು ಬಸದಿಗೆ ದತ್ತಿ ಬಿಡುವಾಗ ತೈಲಪನನ್ನೇ ಒಡೆಯನೆಂದು ಬರೆಯಿಸಿದ. ಏಳು ವರ್ಷಕ್ಕೆ ಒಂದು ಸೀಮೆ ಒಲಿಯಿತು.

ಹೊರಗಿನವರೂ ಸುಮ್ಮನಿರಲಿಲ್ಲ. ಬಡಗಣಿಂದ ಸೀಯಕನ ಮಗ ಮುಂಜನು ಮತ್ತೆ ಮತ್ತೆ ದಂಡೆತ್ತಿ ಬಂದ. ವೃದ್ಧ ಮಂತ್ರಿ ರುದ್ರಾದಿತ್ಯನು ಬೇಡವೆಂದರೂ ಕೇಳದೆ ಗೋದಾವರಿ ದಾಟಿದ ಮುಂಜನು ತೈಲಪನ ಕೈಗೆ ಸೆರೆಸಿಕ್ಕಿ ಸತ್ತನೆಂದು ಮೂರು ನೂರು ವರ್ಷಗಳ ನಂತರ ಗುಜರಾತಿನ ಮೇರುತುಂಗಾಚಾರ್ಯರು ಕಥೆ ಬರೆದರು. ಕಥೆಯ ಬಣ್ಣ ಏನೇ ಇರಲಿ, ಮುಂಜನ ಸೋಲು ನಿಜ. ತೆಂಕಣಿಂದ ಚೋಳರ ಕಾಟ. 992ರಲ್ಲಿ ತೈಲಪನು ಚೋಳನ 150 ಆನೆಗಳನ್ನು ಹಿಡಿದು, ಪೆನುಗೊಂಡೆಯ ಸಮೀಪದ ರೊದ್ದದಲ್ಲಿ ಬೀಡುಬಿಟ್ಟಿದ್ದನೆಂದು ಬಳ್ಳಾರಿ ಸೀಮೆಯ ಕೋಗಳಿಯ ಶಾಸನ ಹೇಳುತ್ತದೆ.

ಇಷ್ಟೆಲ್ಲ ಗೆದ್ದ ಮೇಲಾದರೂ ಎಲ್ಲರೂ ಒಪ್ಪಿದರೇ? ಇಲ್ಲ. ಉತ್ತರ ಕೊಂಕಣದ ಶಿಲಾಹಾರ ಅರಸ ಅಪರಾಜಿತನು 997ರಲ್ಲಿ, ಅಂದರೆ ತೈಲಪನ ಕೊನೆಯ ವರ್ಷದಲ್ಲಿ, ಲೋಣಾದಿತ್ಯನೆಂಬ ಸೂರ್ಯದೇವರ ಗುಡಿಗೆ ಭಾದಾಣ ಗ್ರಾಮವನ್ನು ದತ್ತಿ ಕೊಟ್ಟ. ಆ ತಾಮ್ರಪಟದಲ್ಲಿ ಅವನು ರಾಷ್ಟ್ರಕೂಟ ಅರಸರ ವಂಶಾವಳಿಯನ್ನೇ ಬರೆಯಿಸಿ, ಆ ರಾಜ್ಯ ಅಳಿದುಹೋಯಿತಲ್ಲ ಎಂದು ಮರುಗುತ್ತಾನೆ. ಕರ್ಕನನ್ನು ಗೆದ್ದವನು ತೈಲಪನೆಂದು ಹೇಳುತ್ತಾನೆಯೇ ಹೊರತು ಅವನನ್ನು ತನ್ನ ಒಡೆಯನೆಂದು ಹೇಳುವುದಿಲ್ಲ. ಮುರಿದುಬಿದ್ದ ಮನೆಗೆ 24 ವರ್ಷಗಳ ನಂತರವೂ ಇಂಥ ನಿಷ್ಠೆ! ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗನು ಇದೇ ಅಪರಾಜಿತನ ಮೇಲೆ ದಾಳಿ ಮಾಡಿದ. ಇತ್ತ ಸೇನೆ, ಅತ್ತ ಕಡಲು. ಅತ್ತ ದರಿ ಇತ್ತ ಪುಲಿ ಎಂಬಂತಾದ ಅವನ ಸ್ಥಿತಿಯನ್ನು ರನ್ನಕವಿ ತನ್ನ ಗದಾಯುದ್ಧದಲ್ಲಿ ಪ್ರಸ್ತಾಪಿಸಿದ್ದಾನೆ.

ಹಾಗಾದರೆ ಈ ಹೊಸ ವಂಶ ಇನ್ನೂರು ವರ್ಷ ಬಾಳಿದ್ದು ಹೇಗೆ? ಕತ್ತಿಯೊಂದರಿಂದಲೇ ಅಲ್ಲ. ತೈಲಪನು ಹಳೆಯದನ್ನು ಬುಡಸಹಿತ ಕೀಳಲಿಲ್ಲ. ರಟ್ಟ ಕುಲದ ಜಾಕಬ್ಬೆಯೇ ಪಟ್ಟದರಸಿ. ಶರಣಾದ ಸಾಮಂತರ ನಾಡು ಅವರ ಕೈಯಲ್ಲಿಯೇ ಉಳಿಯಿತು. ಹಿಂದೆ ಗಂಗರ ಮಂತ್ರಿ ಚಾವುಂಡರಾಯನ ಆಶ್ರಯದಲ್ಲಿದ್ದ ಮುಧೋಳದ ಬಳೆಗಾರರ ಮಗ ರನ್ನನನ್ನು, ನೀನು ಆ ಕಡೆಯವನು ಎಂದು ದೂರವಿಡದೆ, ಕರೆದು ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟ.

ಇದಕ್ಕಿಂತ ದೊಡ್ಡ ಮಾತು ಅತ್ತಿಮಬ್ಬೆಯದು. ತೈಲಪನ ಮಹಾಮಂತ್ರಿ ಧಲ್ಲಪನ ಸೊಸೆ, ದಂಡನಾಯಕ ನಾಗದೇವನ ಮಡದಿ. ನಾಗದೇವ ತೀರಿಕೊಂಡಾಗ ಅವಳ ತಂಗಿ, ಅದೇ ಗಂಡನ ಕೈಹಿಡಿದಿದ್ದ ಗುಂಡಮಬ್ಬೆ, ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕುತ್ತ ಧರ್ಮಕಾರ್ಯಕ್ಕೆ ನಿಂತಳು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನಕವಿ ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಅದರ ಸಾವಿರ ಓಲೆಪ್ರತಿಗಳನ್ನು ಮಾಡಿಸಿ ಹಂಚಿದಳು. ಗೆದ್ದವರ ಮನೆಯ ಸೊಸೆ ಸೋತವರ ಕವಿಯನ್ನು ಉಳಿಸಿದಳು. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯ 1007ರ ಶಾಸನ ಇಂದಿಗೂ ಅವಳ ಹೆಸರು ಹೇಳುತ್ತದೆ.

ತೈಲಪನೂ ಇಲ್ಲ, ಇಂದ್ರನೂ ಇಲ್ಲ, ಅಪರಾಜಿತನೂ ಇಲ್ಲ. ಅವರ ಜಗಳದ ಸತ್ಯ ಉಳಿದದ್ದು ದೇವರಿಗೆ ದತ್ತಿ ಬಿಟ್ಟ ಕಲ್ಲು ಮತ್ತು ತಾಮ್ರಗಳಲ್ಲಿ. ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆಯ ಗುಡಿಗಳಲ್ಲಿಯೂ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಇಂಥ ಕಲ್ಲಿಗೆ ಸುಣ್ಣ ಬಳಿಯುವುದು, ಎಣ್ಣೆ ಸುರಿಯುವುದು, ಜೀರ್ಣೋದ್ಧಾರದ ಹೆಸರಿನಲ್ಲಿ ಮೆಟ್ಟಿಲಿಗೆ ಹಾಸುವುದು ಅಲ್ಲಲ್ಲಿ ನಡೆಯುತ್ತಲೇ ಇದೆ. ದತ್ತಿ ಅಳಿಸಿದವರಿಗೆ ಹಿರಿಯರು ಬರೆದ ಶಾಪ ಆ ಕಲ್ಲಿನ ಕೊನೆಯ ಸಾಲಿನಲ್ಲಿಯೇ ಇದೆ. ಜಾತ್ರೆಗೆ ಬರುವ ಭಕ್ತ ಮಹಾಶಯರು ಊರಿನ ಗುಡಿಗೆ ಹಿಂದಿರುಗಿದಾಗ ಇಂಥ ಕಲ್ಲೊಂದಿದ್ದರೆ ಅದನ್ನು ನೆಟ್ಟಗೆ ನಿಲ್ಲಿಸಿ, ನೀರಿನಿಂದ ತೊಳೆದು, ಬಲ್ಲವರಿಂದ ಓದಿಸಿದರೆ ಸಾಕು. ಅದೂ ದೇವರ ಸೇವೆಯೇ.