ಹಲವು ರೇಡಿಯೋಗಳಿಗೆ ಒಂದೇ ಮಾತು: ಹ್ಯಾಮ್‌ಲಿಬ್ ಬೆಳೆದು ಬಂದ ಬಗೆ

ಹವ್ಯಾಸಿ ರೇಡಿಯೋ, ಅಂದರೆ 'ಹ್ಯಾಮ್' ಕೇಂದ್ರದಲ್ಲಿ ಪ್ರೇಷಕ ಮತ್ತು ಗ್ರಾಹಕ ಎರಡೂ ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಇದೇ ಟ್ರಾನ್ಸೀವರ್. ಬಹುಕಾಲ ಇದರ ಆವರ್ತಾಂಕವನ್ನು ಬದಲಿಸಲು ಗುಂಡಿ ತಿರುಗಿಸುವುದೊಂದೇ ದಾರಿಯಾಗಿತ್ತು. 1980ರ ದಶಕದಲ್ಲಿ ಮೈಕ್ರೋಪ್ರೊಸೆಸರ್ ಈ ಪೆಟ್ಟಿಗೆಯನ್ನು ಹೊಕ್ಕಿತು. ಜಪಾನಿನ ಯಾಎಸು, ಐಕಾಮ್ ಮತ್ತು ಕೆನ್‌ವುಡ್ ಕಂಪನಿಗಳು ತಮ್ಮ ಸೆಟ್ಟುಗಳನ್ನು ಗಣಕಕ್ಕೆ ಜೋಡಿಸುವ ಸೌಲಭ್ಯ ಕೊಟ್ಟವು. ಆದರೆ ಒಂದೊಂದು ಕಂಪನಿಯೂ ತನ್ನ ಸೆಟ್ಟಿಗೆ ತನ್ನದೇ ಭಾಷೆ ಕಲಿಸಿತು.

'14.250 ಮೆಗಾಹರ್ಟ್ಸ್‌ಗೆ ಹೋಗು' ಎಂದು ಆಜ್ಞಾಪಿಸಬೇಕು ಎಂದುಕೊಳ್ಳಿ. ಕೆನ್‌ವುಡ್‌ಗೆ 'ಎಫ್‌ಎ00014250000;' ಎಂದು ಓದಬಲ್ಲ ಅಕ್ಷರಗಳಲ್ಲೇ ಕಳಿಸಬಹುದು. ಯಾಎಸುವಿನ ಎಫ್‌ಟಿ-817ಕ್ಕೆ ಐದೇ ಬೈಟು: 01 42 50 00 01. ಇಲ್ಲಿ ಬೈಟಿಗೆ ಎರಡು ದಶಮಾನ ಅಂಕಿ, ಎಣಿಕೆ ಹತ್ತು ಹರ್ಟ್ಸ್‌ಗಳ ಲೆಕ್ಕದಲ್ಲಿ. ಕೊನೆಯ 01 ಆಜ್ಞೆಯ ಸಂಕೇತ. ಐಕಾಮ್ ಕೂಡ ಬೈಟಿಗೆ ಎರಡು ಅಂಕಿ ಇಡುತ್ತದೆ, ಆದರೆ ಬಾಲದಿಂದ ತಲೆಯ ಕಡೆಗೆ: 00 00 25 14 00. ಇದರ ಹಿಂದೆ ಮುಂದೆ ವಿಳಾಸ, ಆಜ್ಞೆಗಳ ಬೈಟುಗಳು ಬೇರೆ. ಒಂದೇ ಭೌತ ಪರಿಮಾಣಕ್ಕೆ ಮೂರು ವೇಷ!

ತಂತ್ರಾಂಶ ಬರೆಯುವವನ ಪಾಡು ನೋಡಿ. ಹತ್ತು ತಂತ್ರಾಂಶಗಳು ಐವತ್ತು ಮಾದರಿಗಳೊಡನೆ ಮಾತಾಡಬೇಕಾದರೆ ಐನೂರು ಅನುವಾದಗಳು ಬೇಕು. ನಡುವೆ ಒಬ್ಬ ದುಭಾಷಿ ನಿಂತರೆ ಅರವತ್ತು ಸಾಕು. ಈ ದುಭಾಷಿಯೇ ಹ್ಯಾಮ್‌ಲಿಬ್. ಫ್ರಾಂಕ್ ಸಿಂಗಲ್‌ಟನ್ 2000ದಲ್ಲಿ ಇದನ್ನು ಆರಂಭಿಸಿದರು. ಸ್ಟೆಫಾನ್ ಫಿಯೋ ಬೇಗನೆ ಜೊತೆಗೂಡಿದರು. ಸಿ ಭಾಷೆಯಲ್ಲಿ ಬರೆದ ಈ ಲೈಬ್ರರಿಗೆ 'ಆವರ್ತಾಂಕ ಬದಲಿಸು' ಎಂದರೆ ಸಾಕು, ಯಾವ ಸೆಟ್ಟಿಗೆ ಯಾವ ಬೈಟು ಎಂಬುದನ್ನು ಅದೇ ನೋಡಿಕೊಳ್ಳುತ್ತದೆ. ಆಂಟೆನಾ ತಿರುಗಿಸುವ ಯಂತ್ರಗಳಿಗೂ ಇದೇ ಏರ್ಪಾಡು.

ಇಂಥ ಕೆಲಸ ಗುಟ್ಟಿನಲ್ಲಿ ನಡೆಯಲಾರದು ಎಂಬುದು ನನ್ನ ಅಭಿಪ್ರಾಯ. ನೂರಾರು ಮಾದರಿಗಳನ್ನು ಒಬ್ಬನೇ ಕೊಂಡು ಪರೀಕ್ಷಿಸಲು ಸಾಧ್ಯವೇ? ಮೂಲ ಸಂಕೇತ ತೆರೆದಿದ್ದುದರಿಂದ, ಮೇಜಿನ ಮೇಲೆ ಆ ಸೆಟ್ಟು ಇದ್ದವನೇ ಅದರ ಭಾಗವನ್ನು ಬರೆದ, ತಿದ್ದಿದ. ಪರವಾನಗಿಯಾದ ಲೆಸ್ಸರ್ ಜಿಪಿಎಲ್ ಉದಾರವಾದದ್ದು, ಮುಕ್ತವಲ್ಲದ ತಂತ್ರಾಂಶಗಳೂ ಲೈಬ್ರರಿಯನ್ನು ಬಳಸಬಹುದು. ತಯಾರಿಕೆ ನಿಂತುಹೋದ ಸೆಟ್ಟುಗಳು ಈಗಲೂ ಹೊಸ ಗಣಕದೊಡನೆ ಮಾತಾಡುವುದು ಇದರಿಂದಲೇ.

ಇದರ ಬೆಲೆ ಚೆನ್ನಾಗಿ ತಿಳಿಯುವುದು ಉಪಗ್ರಹದ ವಿಷಯದಲ್ಲಿ. ಬೆಂಗಳೂರಿನಲ್ಲಿ ಇಸ್ರೋ ನಿರ್ಮಿಸಿದ 42.5 ಕಿಲೋಗ್ರಾಂ ತೂಕದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಏರಿ 2014ರವರೆಗೆ ಹವ್ಯಾಸಿಗಳಿಗೆ ದುಡಿಯಿತು. ಅದಕ್ಕೆ ಕಳಿಸುವ ಸಂಕೇತ 435 ಮೆಗಾಹರ್ಟ್ಸ್ ಆಸುಪಾಸಿನದು, ಮರಳುವುದು 145ರದು. ದಿಗಂತದಲ್ಲಿ ಮೂಡುವಾಗ ಅದು ನಮ್ಮತ್ತ ಸೆಕೆಂಡಿಗೆ ಸುಮಾರು 6.9 ಕಿ.ಮೀ. ವೇಗದಲ್ಲಿ ಬರುತ್ತಿತ್ತು. ಇದನ್ನು ಬೆಳಕಿನ ವೇಗದಿಂದ ಭಾಗಿಸಿ ಆವರ್ತಾಂಕದಿಂದ ಗುಣಿಸಿದರೆ ಡಾಪ್ಲರ್ ಪಲ್ಲಟ ಮೊದಲನೆಯದಕ್ಕೆ ಸುಮಾರು 10 ಕಿಲೋಹರ್ಟ್ಸ್, ಎರಡನೆಯದಕ್ಕೆ 3.3. ಮಾತಿನ ಸಂಕೇತದ ಅಗಲವೇ 3 ಕಿಲೋಹರ್ಟ್ಸ್ ಮೀರದು! ಹತ್ತು ಹನ್ನೆರಡು ನಿಮಿಷಗಳಲ್ಲಿ ಪಲ್ಲಟ ಧನದಿಂದ ಋಣಕ್ಕೆ ಇಳಿಯುತ್ತದೆ. ಎರಡೂ ಆವರ್ತಾಂಕಗಳನ್ನು ಕೈಯಿಂದ ತಿದ್ದುತ್ತ ಮಾತಾಡುವುದು ಕಸರತ್ತೇ ಸರಿ. ಜಿಪ್ರೆಡಿಕ್ಟ್ ಎಂಬ ಮುಕ್ತ ತಂತ್ರಾಂಶ ಉಪಗ್ರಹದ ಸ್ಥಾನ, ವೇಗಗಳನ್ನು ಲೆಕ್ಕಹಾಕಿ, ಹ್ಯಾಮ್‌ಲಿಬ್ ಮೂಲಕ ರೇಡಿಯೋವನ್ನೂ ಆಂಟೆನಾವನ್ನೂ ನಡೆಸುತ್ತದೆ.

ಕ್ಷೀಣ ಸಂಕೇತಗಳನ್ನು ಹೆಕ್ಕುವ ಡಬ್ಲ್ಯುಎಸ್‌ಜೆಟಿ-ಎಕ್ಸ್ ಕೂಡ ಹ್ಯಾಮ್‌ಲಿಬ್ ಬಳಸುತ್ತದೆ. ಅದರ ಕರ್ತೃ ಜೋಸೆಫ್ ಟೇಲರ್ 1993ರ ನೊಬೆಲ್ ಪಡೆದ ಭೌತವಿಜ್ಞಾನಿ. 1974ರಲ್ಲಿ ಅವರೂ ಹಲ್ಸ್‌ರೂ ಜೋಡಿ ಪಲ್ಸಾರನ್ನು ಗುರುತಿಸಿದ್ದು ಅದರ ಸ್ಪಂದನಗಳ ಡಾಪ್ಲರ್ ಪಲ್ಲಟದಿಂದ.

ರೇಡಿಯೋ ಇಲ್ಲದ ಶಾಲೆ ಕಾಲೇಜುಗಳಿಗೂ ಒಂದು ಅನುಕೂಲವಿದೆ. ಹ್ಯಾಮ್‌ಲಿಬ್‌ನ ಪಟ್ಟಿಯಲ್ಲಿ 1ನೇ ಸಂಖ್ಯೆಯ ಮಾದರಿ ಯಾವ ಕಂಪನಿಯದೂ ಅಲ್ಲ. ಅದು ಗಣಕದೊಳಗೇ ಇರುವ ಹುಸಿ ರೇಡಿಯೋ. 'ರಿಗ್‌ಸಿಟಿಎಲ್' ಆಜ್ಞೆಯಿಂದ ಅದರ ಆವರ್ತಾಂಕ ಬದಲಿಸಿ, ಮತ್ತೆ ಕೇಳಿ ನೋಡಬಹುದು. ಇದಕ್ಕೆ ಹ್ಯಾಮ್ ಪರವಾನಗಿಯೂ ಬೇಕಿಲ್ಲ.