ಪಾಸ್‌ಪೋರ್ಟಿನಲ್ಲಿ ಇಲ್ಲದ ರಾತ್ರಿ

ಸಿನಿಮಾ ಚರಿತ್ರೆಯ ಪುಸ್ತಕಗಳಲ್ಲಿ ಬಹಳ ಕಾಲ ಚಲಾವಣೆಯಲ್ಲಿದ್ದ ಕತೆ ಇದು. 1933ರ ವಸಂತ. ಹಿಟ್ಲರ್ ಅಧಿಕಾರಕ್ಕೆ ಬಂದು ಇನ್ನೂ ಕೆಲವೇ ವಾರಗಳು. ಬರ್ಲಿನ್ನಿನ ಪ್ರಚಾರ ಸಚಿವಾಲಯದಿಂದ ನಿರ್ದೇಶಕ ಫ್ರಿಟ್ಜ್ ಲಾಂಗ್‌ಗೆ ಕರೆ ಬರುತ್ತದೆ. ಉದ್ದುದ್ದ ಕಾರಿಡಾರುಗಳು, ಅಲ್ಲಲ್ಲಿ ಆಯುಧ ಹಿಡಿದ ಕಾವಲಿನವರು, ಒಂದಾದ ಮೇಲೊಂದು ಬಾಗಿಲು. ಕೊನೆಯ ಕೋಣೆಯಲ್ಲಿ ಗೋಬೆಲ್ಸ್ ಕೂತಿದ್ದಾನೆ. ಮಾತು ಬೆಣ್ಣೆಯ ಹಾಗೆ. ಹಿಟ್ಲರ್ 'ಮೆಟ್ರೊಪೊಲಿಸ್' ನೋಡಿ ಮೆಚ್ಚಿದ್ದಾನೆ, ಜರ್ಮನಿಯ ಇಡೀ ಚಿತ್ರರಂಗದ ಹೊಣೆಯನ್ನು ಲಾಂಗ್ ಹೊರಬೇಕು. ನನ್ನ ತಾಯಿ ಯಹೂದಿ ಮನೆತನದಲ್ಲಿ ಹುಟ್ಟಿದವಳು ಎನ್ನುತ್ತಾನೆ ಲಾಂಗ್. ಯಾರು ಯಹೂದಿ ಎಂಬುದನ್ನು ತೀರ್ಮಾನಿಸುವವರು ನಾವು ಎಂದು ಉತ್ತರ ಬರುತ್ತದೆ. ಲಾಂಗ್ ಬೆವರುತ್ತಾನೆ. ಕಿಟಕಿಯಾಚೆ ದೊಡ್ಡ ಗಡಿಯಾರ. ಬ್ಯಾಂಕು ಮುಚ್ಚುವುದರೊಳಗೆ ಹೊರಬಿದ್ದರೆ ದುಡ್ಡು ತೆಗೆಯಬಹುದು. ಮಾತು ಮುಗಿಯುವುದಿಲ್ಲ, ಮುಳ್ಳು ನಿಲ್ಲುವುದಿಲ್ಲ, ಬ್ಯಾಂಕು ಮುಚ್ಚುತ್ತದೆ. ಮನೆಯಲ್ಲಿದ್ದ ಒಂದಿಷ್ಟು ಹಣ ಕಟ್ಟಿಕೊಂಡು ಅದೇ ರಾತ್ರಿ ಪ್ಯಾರಿಸ್ಸಿನ ರೈಲು ಹತ್ತುತ್ತಾನೆ.

ಕತೆ ಹೇಳಿದವನು ಲಾಂಗನೇ. ದಶಕಗಳ ಕಾಲ, ಕೇಳಿದವರಿಗೆಲ್ಲ. ಗೋದಾರ್ 1963ರ ತನ್ನ 'ಕಂಟೆಂಪ್ಟ್' ಚಿತ್ರದಲ್ಲಿ ಲಾಂಗ್‌ನನ್ನು ಲಾಂಗ್ ಆಗಿಯೇ ನಟಿಸಲು ಕರೆದಾಗ, ಆ ಚಿತ್ರದ ಮಾತುಗಳಲ್ಲೂ ಈ ರಾತ್ರಿ ಬಂದುಹೋಯಿತು. ನಾನೂ ಒಂದು ಸೆಮಿನಾರಿನಲ್ಲಿ ಇದನ್ನು ಹಾವಭಾವ ಸಮೇತ ಹೇಳಿದ್ದೆ. ಕೇಳಿದವರು ಉಸಿರು ಬಿಗಿಹಿಡಿದಿದ್ದರು. ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನಿಂದ ಒಬ್ಬರು, 'ಅದು ಯಾವ ತಾರೀಖು?' ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಉತ್ತರ ಹುಡುಕಿ ಹೊರಟಾಗ ಸಿಕ್ಕಿದ್ದು ಒಂದು ಪಾಸ್‌ಪೋರ್ಟು.

ಲಾಂಗ್‌ನ ಆ ಕಾಲದ ಪಾಸ್‌ಪೋರ್ಟು ಬರ್ಲಿನ್ನಿನ ಸಿನಿಮಾ ಸಂಗ್ರಹಾಲಯದಲ್ಲಿದೆ. ಸ್ವೀಡನ್ನಿನ ಚಿತ್ರ ಇತಿಹಾಸಕಾರ ಗೋಸ್ತಾ ವೆರ್ನರ್ ಅದರ ಪುಟಗಳನ್ನು ಓದಿ 1990ರಲ್ಲಿ ಒಂದು ಲೇಖನ ಬರೆದ. ಅದರಲ್ಲಿನ ಮೊಹರುಗಳು ಹೇಳುವ ಕತೆಗೆ ರಭಸವೇ ಇಲ್ಲ. ಮಾರ್ಚಿಯಲ್ಲಾಗಲಿ ಏಪ್ರಿಲ್‌ನಲ್ಲಾಗಲಿ ಲಾಂಗ್ ದೇಶ ಬಿಟ್ಟ ಗುರುತಿಲ್ಲ. ಜೂನ್, ಜುಲೈ ತಿಂಗಳಲ್ಲಿ ಹೊರಗೆ ಹೋಗಿದ್ದಾನೆ, ತಿರುಗಿ ಬಂದಿದ್ದಾನೆ, ಮತ್ತೆ ಹೋಗಿದ್ದಾನೆ. ವಿದೇಶಿ ಹಣ ಕೊಂಡ ದಾಖಲೆಗಳಿವೆ, ಅಂದರೆ ಬ್ಯಾಂಕು ಅವನ ಪಾಲಿಗೆ ಮುಚ್ಚಿರಲಿಲ್ಲ. ಕೊನೆಯ ಮೊಹರು 1933ರ ಜುಲೈ 31ರದು. ಗೋಬೆಲ್ಸ್ ಬಿಡದೆ ದಿನಚರಿ ಬರೆಯುತ್ತಿದ್ದವನು. ಆ ದಿನಚರಿಯಲ್ಲಿಯೂ ಈ ಭೇಟಿಯ ಸುಳಿವಿಲ್ಲ.

ಹಾಗಾದರೆ ಲಾಂಗ್ ಸುಳ್ಳುಗಾರ, ಮುಗಿಯಿತೆ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಸುಳ್ಳನ್ನು ಹಿಡಿದುಹಾಕಿದ ಖುಷಿ ಸಂಶೋಧಕರಿಗೆ ತುಸು ಹೆಚ್ಚೇ ಇರುತ್ತದೆ. ಆದರೆ ಅವನ ಚಿತ್ರಗಳನ್ನು ಮತ್ತೆ ನೋಡುತ್ತ ಹೋದಂತೆ ಆ ಖುಷಿ ಕರಗಿತು. ಸಾಕ್ಷಿ ಹೇಳುವ ಮನುಷ್ಯನಿಗೂ ಕೈಗೆ ಸಿಗುವ ದಾಖಲೆಗೂ ನಡುವಿನ ಜಗಳವನ್ನು ಈ ಮನುಷ್ಯನಷ್ಟು ಪಟ್ಟುಹಿಡಿದು ಚಿತ್ರಿಸಿದ ನಿರ್ದೇಶಕ ನನಗೆ ಗೊತ್ತಿರುವಂತೆ ಇನ್ನೊಬ್ಬನಿಲ್ಲ.

ಶುರುಮಾಡಬೇಕಾದದ್ದು 'ಎಂ' ಚಿತ್ರದಿಂದ. 1931ರ ಮೇ ತಿಂಗಳಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡ ಇದು ಲಾಂಗ್‌ನ ಮೊದಲ ಮಾತಿನ ಚಿತ್ರ. ಮಕ್ಕಳನ್ನು ಕೊಲ್ಲುವವನೊಬ್ಬ ನಗರದಲ್ಲಿ ಓಡಾಡುತ್ತಿದ್ದಾನೆ. ಪೊಲೀಸರ ಹುಡುಕಾಟದಿಂದ ಕಳ್ಳಕಾಕರ ದಂಧೆಗೆ ಪೆಟ್ಟು ಬೀಳುತ್ತದೆ; ಅವರೇ ಭಿಕ್ಷುಕರನ್ನು ಕಾವಲಿಗೆ ಹಚ್ಚಿ ಕೊಲೆಗಾರನನ್ನು ಹಿಡಿಯುತ್ತಾರೆ. ಅವನನ್ನು ಗುರುತಿಸುವವನು ಕುರುಡ ಬಲೂನು ಮಾರಾಟಗಾರ, ಬರೀ ಒಂದು ಸಿಳ್ಳೆಯಿಂದ. ಪಾಳುಬಿದ್ದ ಸಾರಾಯಿ ಕಾರ್ಖಾನೆಯಲ್ಲಿ ಕಳ್ಳರ ನ್ಯಾಯಾಲಯ ಸೇರುತ್ತದೆ. ಪೀಟರ್ ಲೋರೆ ಅಭಿನಯಿಸಿದ ಬೆಕರ್ಟ್ ನೆಲಕ್ಕೆ ಕುಸಿದು, ನನ್ನೊಳಗಿನದು ನನ್ನನ್ನು ಅಟ್ಟಿಸಿಕೊಂಡು ಬರುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಕಿರುಚುತ್ತಾನೆ. ಎದುರಿನ ಬೆಂಚುಗಳಲ್ಲಿ ಕೂತ ಕೆಲವರು ಹೌದೆಂಬಂತೆ ತಲೆದೂಗುವುದನ್ನು ಲಾಂಗ್ ತೋರಿಸುತ್ತಾನೆ. ಅವನ ಪರವಾಗಿ ನೇಮಿಸಿದ ವಕೀಲ, ಇವನನ್ನು ಕೊಲ್ಲುವ ಹಕ್ಕು ಯಾರಿಗೂ ಇಲ್ಲ ಎನ್ನುತ್ತಾನೆ. ಗುಂಪು ಮೇಲೇರಿ ಬರುವಾಗ ಪೊಲೀಸರು ಬಾಗಿಲಿಗೆ ಬಂದಿರುತ್ತಾರೆ. ನಿಜವಾದ ನ್ಯಾಯಾಲಯದಲ್ಲಿ ನ್ಯಾಯಾಧೀಶರು ಬಾಯಿ ತೆರೆಯುತ್ತಾರೆ ಅಷ್ಟೆ, ತೀರ್ಪು ನಮಗೆ ಕೇಳಿಸುವುದಿಲ್ಲ.

ಗುಂಪಿನ ನ್ಯಾಯದ ವಿರುದ್ಧ ಇದಕ್ಕಿಂತ ಸ್ಪಷ್ಟವಾಗಿ ಮಾತಾಡುವುದು ಹೇಗೆ ಅಂತ ಇವತ್ತಿನ ನಮಗೆ ಅನ್ನಿಸುತ್ತದೆ. ಆದರೆ ಅದೇ ಮೇ ತಿಂಗಳಲ್ಲಿ ಚಿತ್ರ ನೋಡಿದ ಗೋಬೆಲ್ಸ್ ತನ್ನ ದಿನಚರಿಯಲ್ಲಿ ಅದನ್ನು ಹೊಗಳಿದ. ಇದು ಮಾನವತಾವಾದಿಗಳ ಹುಸಿ ಕನಿಕರದ ವಿರುದ್ಧ, ಮರಣದಂಡನೆಯ ಪರವಾಗಿರುವ ಚಿತ್ರ ಎಂಬುದು ಅವನ ಓದು. ಲಾಂಗ್ ಮುಂದೊಂದು ದಿನ ನಮ್ಮ ನಿರ್ದೇಶಕನಾಗುತ್ತಾನೆ ಎಂದೂ ಬರೆದುಕೊಂಡ. ಮುಂದಿನದು ಇನ್ನೂ ಘೋರ. ನಾಜಿಗಳು 1934ರಲ್ಲಿ 'ಎಂ' ಚಿತ್ರವನ್ನು ನಿಷೇಧಿಸಿದರು. 1940ರ ಯಹೂದಿ ದ್ವೇಷದ ಪ್ರಚಾರಚಿತ್ರ 'ದೆರ್ ಎವಿಗೆ ಯೂದೆ'ಯಲ್ಲಿ ಅದೇ ಚಿತ್ರದ ತುಣುಕನ್ನು, ಲೋರೆಯ ಆ ಕೊನೆಯ ಕಿರುಚಾಟವನ್ನು ಸೇರಿಸಿದರು. ಲೋರೆ ಯಹೂದಿ. ಒಬ್ಬ ನಟನ ಅಭಿನಯವನ್ನು ಇಡೀ ಜನಾಂಗದ ತಪ್ಪೊಪ್ಪಿಗೆಯಂತೆ ತೋರಿಸಲಾಯಿತು.

1933ಕ್ಕೆ ಮರಳೋಣ. ಮಾರ್ಚ್ 28ರಂದು ಬರ್ಲಿನ್ನಿನ ಕೈಸರ್‌ಹೋಫ್ ಹೋಟೆಲಿನಲ್ಲಿ ಚಿತ್ರರಂಗದವರನ್ನು ಸೇರಿಸಿ ಗೋಬೆಲ್ಸ್ ಭಾಷಣ ಮಾಡಿದ. ಮಾದರಿಯೆಂದು ಹೆಸರಿಸಿದ ನಾಲ್ಕು ಚಿತ್ರಗಳಲ್ಲಿ ಲಾಂಗ್‌ನ 'ನಿಬೆಲುಂಗೆನ್' ಒಂದು. (ಇನ್ನೊಂದು ಐಸೆನ್‌ಸ್ಟೈನ್‌ನ 'ಪೊಟೆಮ್‌ಕಿನ್'. ಶತ್ರುವಿನ ಕೈಚಳಕವನ್ನು ಗೋಬೆಲ್ಸ್ ಚೆನ್ನಾಗಿಯೇ ಬಲ್ಲವನಾಗಿದ್ದ.) ಮರುದಿನವೇ, ಮಾರ್ಚ್ 29ರಂದು, ಲಾಂಗ್‌ನ ಹೊಸ ಚಿತ್ರ 'ಡಾಕ್ಟರ್ ಮಬೂಸೆಯ ಉಯಿಲು' ನಿಷೇಧಕ್ಕೊಳಗಾಯಿತು. ಒಂದು ದಿನ ಮೆಚ್ಚುಗೆ, ಮರುದಿನ ಬೀಗ. ಮನೆಯೊಳಗೂ ಎಲ್ಲ ಮುರಿದಿತ್ತು. ಅವನ ಹೆಂಡತಿ, ಚಿತ್ರಕತೆಗಾರ್ತಿ ಥೇಯಾ ಫೊನ್ ಹಾರ್ಬೌ ನಾಜಿಗಳತ್ತ ವಾಲಿದ್ದಳು, ಮುಂದೆ ಪಕ್ಷವನ್ನೂ ಸೇರಿದಳು, ಏಪ್ರಿಲ್‌ನಲ್ಲಿ ವಿಚ್ಛೇದನವಾಯಿತು. ಆಗ ಅವಳ ಸಂಗಾತಿಯಾಗಿದ್ದವನು ಬರ್ಲಿನ್ನಿನಲ್ಲಿ ಓದುತ್ತಿದ್ದ ತರುಣ ಅಯಿ ತೆಂಡೂಲ್ಕರ್, ನಮ್ಮ ಬೆಳಗಾವಿ ಕಡೆಯವನು. ನಾಜಿಗಳತ್ತ ವಾಲಿದ ಲೇಖಕಿಗೆ ವಸಾಹತು ದೇಶದ ಕಂದುಬಣ್ಣದ ಸಂಗಾತಿ! ಇತಿಹಾಸ ಇಂಥ ಕಡೆ ನಮ್ಮ ಯಾವ ಸೂತ್ರಕ್ಕೂ ಸಿಗುವುದಿಲ್ಲ.

ಇಷ್ಟೆಲ್ಲದರ ನಡುವೆ ಲಾಂಗ್ ನಾಲ್ಕು ತಿಂಗಳು ಹೋಗುತ್ತ ಬರುತ್ತ ಇದ್ದ. ಹೊಗಳಿಸಿಕೊಂಡವನಿಗೆ, ಹೆಸರು ಭಾಷೆ ಸ್ಟುಡಿಯೋ ಎಲ್ಲ ಅಲ್ಲೇ ಇದ್ದವನಿಗೆ, ಹೊರಡುವುದು ಒಂದು ರಾತ್ರಿಯ ಕೆಲಸವಾಗಿರಲಾರದು. ಆಗ ಅವನು ಏನು ಯೋಚಿಸುತ್ತಿದ್ದ ಎಂಬುದನ್ನು ಮೊಹರುಗಳು ಹೇಳುವುದಿಲ್ಲ.

ಪ್ಯಾರಿಸ್ಸಿನಲ್ಲಿ 'ಲಿಲಿಯೊಮ್' ಮುಗಿಸಿ, 1934ರಲ್ಲಿ ಎಂಜಿಎಂ ಕಂಪನಿಯ ಕರಾರಿನ ಮೇಲೆ ಅಮೆರಿಕಕ್ಕೆ ಬಂದ. ಮೊದಲ ಚಿತ್ರ 'ಫ್ಯೂರಿ' ಬಿಡುಗಡೆಯಾದದ್ದು 1936ರಲ್ಲಿ. ಬಂದವನು ಹಾಲಿವುಡ್ಡಿನ ಬೆಳದಿಂಗಳನ್ನಲ್ಲ, ಅಮೆರಿಕದ ಗುಂಪುಹತ್ಯೆಯನ್ನು ಕೈಗೆತ್ತಿಕೊಂಡ ಎಂಬುದು ನನಗೆ ಈಗಲೂ ದೊಡ್ಡ ವಿಷಯ. ಚಿತ್ರದ ಹಿಂದೆ ನಿಜವಾದ ಘಟನೆಯೊಂದಿತ್ತು. 1933ರ ನವೆಂಬರ್ 26ರ ರಾತ್ರಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಸಾವಿರಾರು ಜನ ಜೈಲಿಗೆ ನುಗ್ಗಿ, ಅಪಹರಣ ಮತ್ತು ಕೊಲೆಯ ಆರೋಪಿಗಳಾಗಿದ್ದ ಇಬ್ಬರನ್ನು ಎಳೆತಂದು ಉದ್ಯಾನದ ಮರಗಳಿಗೆ ನೇಣುಹಾಕಿದರು. ರಾಜ್ಯದ ಗವರ್ನರ್ ರೋಲ್ಫ್ ಅದನ್ನು ಬಹಿರಂಗವಾಗಿ ಮೆಚ್ಚಿಕೊಂಡ. ಫೋಟೋಗಳು ಪತ್ರಿಕೆಗಳಲ್ಲಿ ಬಂದವು. ಶಿಕ್ಷೆ ಯಾರಿಗೂ ಆಗಲಿಲ್ಲ.

'ಫ್ಯೂರಿ'ಯಲ್ಲಿ ಸ್ಪೆನ್ಸರ್ ಟ್ರೇಸಿಯ ಜೋ ವಿಲ್ಸನ್ ಸಾಮಾನ್ಯ ಮನುಷ್ಯ. ಕಿಸೆಯಲ್ಲಿ ಸದಾ ಉಪ್ಪು ಹಾಕಿದ ಕಡಲೆಬೀಜ. ಮದುವೆಯಾಗಬೇಕಾದ ಕ್ಯಾಥರಿನ್‌ಳನ್ನು ಕಾಣಲು ಕಾರಿನಲ್ಲಿ ಹೊರಟವನನ್ನು ದಾರಿಯಲ್ಲಿ ತಡೆಯುತ್ತಾರೆ. ಅಪಹರಣದ ಪ್ರಕರಣದಲ್ಲಿ ಸಿಕ್ಕ ಸುಳಿವೂ ಕಡಲೆಬೀಜವೇ; ಮೇಲಾಗಿ ಅವನ ಬಳಿಯ ನೋಟಿನ ಸಂಖ್ಯೆ ಒತ್ತೆಹಣದ ಪಟ್ಟಿಯಲ್ಲಿದೆ. ಸುದ್ದಿ ಬಾಯಿಂದ ಬಾಯಿಗೆ ಊರು ಸುತ್ತುತ್ತದೆ. ಹರಟುವ ಹೆಂಗಸರ ನಡುವೆ ಲಾಂಗ್ ಕೋಳಿಗಳ ಚಿತ್ರವನ್ನು ತೂರಿಸುತ್ತಾನೆ. ಜಾಣತನ ಸ್ವಲ್ಪ ಅತಿಯಾಯಿತು ಎಂದು ನನ್ನ ಅನಿಸಿಕೆ; ಗಂಡಸರು ಹರಟುವಾಗ ಹುಂಜಗಳೇನೂ ಬರುವುದಿಲ್ಲ. ಗವರ್ನರ್ ರಾಜಕೀಯದ ಲೆಕ್ಕ ಹಾಕಿ ಸೈನಿಕರನ್ನು ಕಳಿಸುವುದು ತಡವಾಗುತ್ತದೆ. ಗುಂಪು ಜೈಲಿಗೆ ಬೆಂಕಿ ಇಡುತ್ತದೆ. ಜೋ ಉರಿಯ ನಡುವೆ ಕಿಟಕಿಯಲ್ಲಿ ಕಾಣುತ್ತಾನೆ, ಕ್ಯಾಥರಿನ್ ಹೊರಗೆ ನಿಂತು ನೋಡುತ್ತಾಳೆ.

ಆಮೇಲೆ ವಿಚಾರಣೆ. ಇಪ್ಪತ್ತೆರಡು ಮಂದಿ ಆರೋಪಿಗಳು, ಎಲ್ಲರೂ ಗೌರವಸ್ಥರು. ಆ ಹೊತ್ತಿನಲ್ಲಿ ನಾನು ಮನೆಯಲ್ಲಿದ್ದೆ, ನಾನು ಅಲ್ಲಿ ಇರಲಿಲ್ಲ ಎಂದು ಊರಿಗೆ ಊರೇ ಪ್ರಮಾಣ ಮಾಡಿ ಸುಳ್ಳು ಹೇಳುತ್ತದೆ. ಆಗ ಸರ್ಕಾರಿ ವಕೀಲ ನ್ಯಾಯಾಲಯದೊಳಕ್ಕೆ ಪ್ರೊಜೆಕ್ಟರ್ ತರಿಸುತ್ತಾನೆ. ಆ ರಾತ್ರಿ ವಾರ್ತಾಚಿತ್ರದವರು ಗುಂಪನ್ನು ಸೆರೆಹಿಡಿದಿದ್ದರು. ದೀಪ ಆರುತ್ತದೆ. ತೆರೆಯ ಮೇಲೆ ಓಡುವ ಚಿತ್ರ ಒಂದು ಮುಖದ ಹತ್ತಿರ ಥಟ್ಟನೆ ನಿಲ್ಲುತ್ತದೆ. ಬೆಂಕಿಯ ಕೊಳ್ಳಿ ಬೀಸುತ್ತಿರುವ ಹೆಂಗಸು, ಹಲ್ಲು ಕಚ್ಚಿದ ಗಂಡಸು. ಕಟಕಟೆಯ ಆಚೆ ಅದೇ ಮುಖಗಳು ಕೋಟು ಹ್ಯಾಟು ಹಾಕಿಕೊಂಡು ಕೂತಿವೆ. ಸ್ಯಾನ್ ಹೊಸೆಯಲ್ಲಿ ಆಗದೇ ಹೋದದ್ದನ್ನು, ಚಿತ್ರವಿದ್ದೂ ಆಗದ ನ್ಯಾಯವನ್ನು, ಲಾಂಗ್ ಸ್ಟುಡಿಯೋದೊಳಗೆ ಮಾಡಿ ತೋರಿಸಿದ. ತನ್ನ 'ಎಂ' ಚಿತ್ರ ಗೋಬೆಲ್ಸ್‌ನ ಕಣ್ಣಲ್ಲಿ ಏನಾಗಿತ್ತು ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ, ಇಲ್ಲಿಯಂತೂ ಚಿತ್ರದ ಮಾತನ್ನು ಯಾರೂ ತಿರುಚಲಾಗದಂತೆ ಒಂದೊಂದೇ ಮುಖವನ್ನು ನಿಲ್ಲಿಸಿ ತೋರಿಸುತ್ತಾನೆ.

ಆದರೆ ಲಾಂಗ್ ಅಷ್ಟಕ್ಕೆ ಬಿಡುವವನಲ್ಲ. ಪ್ರೇಕ್ಷಕರಾದ ನಮಗೆ ಆಗಲೇ ಗೊತ್ತಿರುವ ಒಂದು ವಿಷಯ ನ್ಯಾಯಾಲಯಕ್ಕೆ ಗೊತ್ತಿಲ್ಲ. ಜೋ ಸತ್ತಿಲ್ಲ. ಸ್ಫೋಟದಲ್ಲಿ ತಪ್ಪಿಸಿಕೊಂಡವನು ಕತ್ತಲ ಕೋಣೆಯಲ್ಲಿ ಕೂತು, ತನ್ನ ಕೊಲೆಯ ವಿಚಾರಣೆಯನ್ನು ರೇಡಿಯೋದಲ್ಲಿ ಕೇಳುತ್ತಿದ್ದಾನೆ. ಇಪ್ಪತ್ತೆರಡು ಜನ ಗಲ್ಲಿಗೇರಲಿ ಎಂದು ಕಾಯುತ್ತಿದ್ದಾನೆ. ವಾರ್ತಾಚಿತ್ರದಲ್ಲಿ ಒಂದು ಚೌಕಟ್ಟೂ ಸುಳ್ಳಲ್ಲ: ಬೆಂಕಿ ಇಟ್ಟದ್ದು ನಿಜ, ಕೊಲ್ಲಲು ಬಂದದ್ದು ನಿಜ. ಆದರೂ ಅದರ ಮೇಲೆ ಕೊಡುವ ಕೊಲೆಯ ತೀರ್ಪು ತಪ್ಪು. ಕೊನೆಗೆ ಜೋ ತಾನಾಗಿಯೇ ನ್ಯಾಯಾಲಯಕ್ಕೆ ನಡೆದುಬಂದು ನಿಲ್ಲುತ್ತಾನೆ. ಅಲ್ಲಿನ ಮುತ್ತಿನ ಮುಕ್ತಾಯ ಲಾಂಗ್‌ಗೆ ಇಷ್ಟವಿರಲಿಲ್ಲ, ಅದಿಲ್ಲದಿದ್ದರೆ ಚೆನ್ನಿತ್ತು.

ಪಾಸ್‌ಪೋರ್ಟನ್ನು ನಾನು ಓದಿದ ರೀತಿ ಆ ನ್ಯಾಯಾಲಯದಂಥದೇ ಆಗಿತ್ತು ಎಂದು ಆಮೇಲೆ ಹೊಳೆಯಿತು. ಮೊಹರುಗಳು ನಿಜ. ಆ ರಾತ್ರಿಯೇ ಓಡಿಹೋದ ಎಂಬುದು ಸುಳ್ಳು. ಆದರೆ ಭಯ ಪಟ್ಟಿರಲಿಲ್ಲ, ಕರೆ ಬಂದಿರಲೇ ಇಲ್ಲ, ದೇಶ ಬಿಟ್ಟದ್ದು ಬರೀ ಸಂಬಳದ ಆಸೆಗೆ ಎಂದೆಲ್ಲ ತೀರ್ಪು ಕೊಟ್ಟರೆ ಅದಕ್ಕೆ ಯಾವ ಪುಟದ ಆಧಾರವಿದೆ? ದೇಶ ಬಿಟ್ಟವರನ್ನು ಹೊಸ ದೇಶ ಯಾವಾಗಲೂ ಒಂದು ಕತೆ ಕೇಳುತ್ತದೆ: ಯಾವಾಗ ಹೊರಟೆ, ಯಾಕೆ, ಎಷ್ಟು ಬೇಗ? ನಾಲ್ಕು ತಿಂಗಳು ಅತ್ತ ಇತ್ತ ತೂಗಾಡಿದೆ ಎಂಬ ಉತ್ತರ, ಮುಂದೆ ನಡೆದದ್ದೆಲ್ಲ ಗೊತ್ತಾದ ಮೇಲೆ, ಹೇಳಲು ನಾಚಿಕೆಯಾಗುವಂಥದು. ಕಾರಿಡಾರು, ಗಡಿಯಾರ, ರೈಲು ಎಂದು ಅದನ್ನು ಒಂದು ದೃಶ್ಯವಾಗಿ ಕತ್ತರಿಸುವುದು ಅವನ ಕಸುಬೇ ಆಗಿತ್ತು. ಆ ಕಾರಿಡಾರುಗಳನ್ನು ನೆನೆಸಿಕೊಂಡರೆ ಅವನ ಮಬೂಸೆ ಚಿತ್ರಗಳೇ ಕಣ್ಣ ಮುಂದೆ ಬರುತ್ತವೆ.

ಇಪ್ಪತ್ತು ವರ್ಷ ಹಾಲಿವುಡ್ಡಿನಲ್ಲಿ ದುಡಿದು ಲಾಂಗ್ ಅಲ್ಲಿ ಮಾಡಿದ ಕೊನೆಯ ಚಿತ್ರ 1956ರ 'ಬಿಯಾಂಡ್ ಎ ರೀಸನಬಲ್ ಡೌಟ್'. ಕಡಿಮೆ ಖರ್ಚಿನ, ಬೋಳು ಗೋಡೆಗಳ ಚಿತ್ರ. ನನ್ನ ಲೆಕ್ಕದಲ್ಲಿ ಅವನ ಅತ್ಯಂತ ಕ್ರೂರ ಚಿತ್ರ. ಮರಣದಂಡನೆ ಎಷ್ಟು ಅಪಾಯದ್ದು ಎಂದು ತೋರಿಸಲು ಒಬ್ಬ ಲೇಖಕ ತನ್ನ ಭಾವೀ ಮಾವನ ಜತೆ ಸೇರಿ, ಕೊಲೆಯೊಂದರಲ್ಲಿ ತನ್ನ ವಿರುದ್ಧವೇ ಸುಳ್ಳು ಸಾಕ್ಷ್ಯ ಹೂಡುತ್ತಾನೆ. ಒಂದೊಂದು ಸುಳ್ಳು ಸಾಕ್ಷ್ಯ ಇಡುವಾಗಲೂ ಫೋಟೋ ತೆಗೆಯುತ್ತಾರೆ. ಶಿಕ್ಷೆಯಾದ ಮೇಲೆ ಅವನ್ನು ತೋರಿಸಿ ಬಿಡುಗಡೆ ಮಾಡಿಸುವುದು ಉಪಾಯ. ಆ ಫೋಟೋಗಳನ್ನು ಒಯ್ಯುತ್ತಿದ್ದ ಮಾವ ಕಾರು ಅಪಘಾತದಲ್ಲಿ ಸಾಯುತ್ತಾನೆ, ಫೋಟೋಗಳು ಸುಟ್ಟುಹೋಗುತ್ತವೆ. ಕೊನೆಗೆ ಮಾವ ಬರೆದಿಟ್ಟ ಪತ್ರವೊಂದು ಸಿಕ್ಕಿ, ಕ್ಷಮಾದಾನ ಸಿದ್ಧವಾಗುತ್ತದೆ. ಅಷ್ಟರಲ್ಲಿ ಅವನ ಬಾಯಿಂದ ಸತ್ತವಳ ನಿಜವಾದ ಹೆಸರು ಜಾರಿ ಬೀಳುತ್ತದೆ, ಅವನಿಗೆ ಗೊತ್ತಿರಲೇಬಾರದಿದ್ದ ಹೆಸರು. ಕೊಂದವನು ಅವನೇ. ಫೋಟೋಗಳಲ್ಲಿ ಇದ್ದದ್ದೆಲ್ಲ ನಿಜವಾಗಿತ್ತು, ಪತ್ರದಲ್ಲಿದ್ದದ್ದೂ ನಿಜ.

ಅದಾದ ಮೇಲೆ ಜರ್ಮನಿಗೆ ಹೋಗಿ, ಥೇಯಾಳ ಹಳೆಯ ಕಾದಂಬರಿಯನ್ನಾಧರಿಸಿ, ಉದಯಪುರದಲ್ಲಿ ಕೆಲವು ಭಾಗ ಚಿತ್ರೀಕರಿಸಿ ಎರಡು ಭಾರತೀಯ ಅದ್ಭುತಕತೆಗಳ ಚಿತ್ರ ಮಾಡಿದ, ಮಬೂಸೆಯ ಇನ್ನೊಂದು ಚಿತ್ರ ಮಾಡಿದ, ಮತ್ತೆ ಅಮೆರಿಕಕ್ಕೆ ವಾಪಸಾದ.

ಅವನು ತೀರಿಕೊಂಡದ್ದು 1976ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಅವನನ್ನು ಕೂರಿಸಿಕೊಂಡು ಚಿತ್ರೀಕರಿಸಿದ ದೀರ್ಘ ಸಂದರ್ಶನವಿದೆ. ಎಂಬತ್ತು ದಾಟಿದ ಮುದುಕ. ಗೋಬೆಲ್ಸ್‌ನ ಕತೆ ಬರುತ್ತದೆ, ಕಾರಿಡಾರು ಬರುತ್ತದೆ, ಕಿಟಕಿಯಾಚೆಯ ಗಡಿಯಾರ ಬರುತ್ತದೆ. ಪಾಸ್‌ಪೋರ್ಟಿನ ಪುಟಗಳನ್ನು ಓದಿಯಾದ ಮೇಲೂ ನಾನು ಆ ಭಾಗವನ್ನು ಮೂರು ಸಲ ನೋಡಿದ್ದೇನೆ. ಮೂರೂ ಸಲ, ಬ್ಯಾಂಕು ಮುಚ್ಚುವುದರೊಳಗೆ ಇವನು ಆ ಕೋಣೆಯಿಂದ ಹೊರಬೀಳಲಿ ಎಂದೇ ಕಾದಿದ್ದೇನೆ.