ಹಟ್ಟಿ, ಗುಡಿಕಟ್ಟು, ಕಾವಲು: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಸಮಾಜ ಮತ್ತು ದಿನಬದುಕು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಆಂಧ್ರದ ಗಡಿಗೆ ಒತ್ತಿಕೊಂಡಿವೆ. ಕರ್ನಾಟಕದಲ್ಲಿ ತೀರಾ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ವೇದಾವತಿ ಹೊಳೆ ಇದೆ, ಆದರೆ ಅದರಲ್ಲಿ ನೀರಿಗಿಂತ ಮರಳು ಕಂಡ ದಿನಗಳೇ ಹೆಚ್ಚು. ಇಂಥ ನೆಲದಲ್ಲಿ ಒಬ್ಬನ ಸ್ಥಾನಮಾನವನ್ನು ಬಹುಕಾಲ ಅಳೆದದ್ದು ಹೊಲದಿಂದಲ್ಲ, ಮಂದೆಯಿಂದ. ಯಾವ ಹಟ್ಟಿಯವನು, ಯಾವ ದೇವರ ಗುಡಿಕಟ್ಟಿನವನು (ಒಂದೇ ದೇವರಿಗೆ ನಡೆದುಕೊಳ್ಳುವ ಹಟ್ಟಿಗಳ ಕೂಟವೇ ಗುಡಿಕಟ್ಟು) ಎಂಬುದರಿಂದ. ಇಲ್ಲಿನ ಸಾಮಾಜಿಕ ಚರಿತ್ರೆ ಅರ್ಥವಾಗಬೇಕಾದರೆ ಮೊದಲು ಇದನ್ನು ಗಮನಿಸಬೇಕು.

ಈ ಸೀಮೆಯ ಬರೆದಿಟ್ಟ ಚರಿತ್ರೆ ಶುರುವಾಗುವುದು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಆರ್ಯಪುತ್ರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಇವುಗಳಲ್ಲಿದೆ. ತಂದೆ–ತಾಯಿಯ ಮಾತು ಕೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ನೆಂಟರಿಷ್ಟರಲ್ಲಿ ಸರಿಯಾಗಿ ನಡೆದುಕೊಳ್ಳಬೇಕು ಎನ್ನುತ್ತದೆ. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಸಿಗುತ್ತದೆ ಎಂಬ ಮಾತೂ ಅದರಲ್ಲಿದೆ. ದೊಡ್ಡವರು, ಚಿಕ್ಕವರು ಎಂಬ ಭೇದ ಅಂದಿಗೇ ಎದ್ದು ಕಾಣುವಷ್ಟಿತ್ತು ಎನ್ನುವುದಕ್ಕೆ ಬಂಡೆಗಲ್ಲೇ ಸಾಕ್ಷಿ. ಶಾಸನ ಬರೆದ ಲಿಪಿಕಾರನ ಹೆಸರು ಚಪಡ. ತನ್ನ ಕಸುಬಿನ ಹೆಸರನ್ನು ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಅಷ್ಟು ದೂರದ ಅಕ್ಷರ ಬಲ್ಲ ಒಬ್ಬ ಕಸುಬುದಾರನ ಬರಹ ಈ ಬಂಡೆಗಳ ನಡುವೆ ಉಳಿದುಬಂದಿರುವುದು ಸಣ್ಣ ಸಂಗತಿಯಲ್ಲ.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಕಲ್ಗೊಡಲಿ ಬಳಸುತ್ತಿದ್ದವರು, ಕಬ್ಬಿಣ ಬಲ್ಲ ಬೃಹತ್ ಶಿಲಾಸಮಾಧಿಯ ಜನ, ಆಮೇಲೆ ಸಾತವಾಹನ ಕಾಲದವರು, ಹೀಗೆ ಪದರ ಪದರವಾಗಿ ಬದುಕು ತೆರೆದುಕೊಂಡಿತು. ಅಷ್ಟು ದೊಡ್ಡ ಕಲ್ಲುಗಳನ್ನು ಎಳೆದು ತಂದು ನಿಲ್ಲಿಸಲು ಹತ್ತಾರು ಜನರ ದುಡಿಮೆ ಬೇಕಿತ್ತು. ಸತ್ತ ಎಲ್ಲರಿಗೂ ಅಂಥ ಗೋರಿ ಆಗಿರಲಾರದು.

ರೋಮಿನ ಸುಳಿವು ಸಿಗುವುದೂ ಸಾತವಾಹನರ ಕಾಲದಲ್ಲೇ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳು ದೊರೆತಿವೆ. ಆ ಚಕ್ರವರ್ತಿಗಳ ರೋಮಿನಲ್ಲಿ ಮನುಷ್ಯನ ದರ್ಜೆ ಲೆಕ್ಕದ ಪುಸ್ತಕದಲ್ಲಿ ನಮೂದಾಗುತ್ತಿತ್ತು. ಅಶ್ವಾರೋಹಿ ವರ್ಗ ಸೇರಲು 4 ಲಕ್ಷ ಸೆಸ್ಟರ್ಸ್ ಆಸ್ತಿ ಇರಬೇಕು; ಸೆನೆಟರ್ ಆಗಲು ಅಗಸ್ಟಸ್ ಕಾಲಕ್ಕೆ 10 ಲಕ್ಷ. ಅವರ ಕೆಳಗೆ ಸಾಮಾನ್ಯ ಪ್ರಜೆಗಳು, ಬಿಡುಗಡೆಯಾದ ಗುಲಾಮರು, ಎಲ್ಲರಿಗಿಂತ ಕೆಳಗೆ ಗುಲಾಮರು. ಹಟ್ಟಿಗಳ ಸೀಮೆಯಲ್ಲಿ ಅಂಥ ಪುಸ್ತಕವಿರಲಿಲ್ಲ. ದರ್ಜೆಯನ್ನು ನೆನಪಿಟ್ಟದ್ದು ದೇವರು, ಬೆಡಗು ಮತ್ತು ಹಾಡು.

ಇಲ್ಲಿನ ದೊಡ್ಡ ಸಮುದಾಯ ಬೇಡರದು. ಅವರಲ್ಲಿ ಊರುಬೇಡರು, ಮ್ಯಾಸಬೇಡರು ಎಂದು ಎರಡು ಕವಲು. ಊರುಬೇಡರು ಊರಲ್ಲಿ ನೆಲೆನಿಂತು ಬೇಸಾಯಕ್ಕೂ ದಂಡಿಗೂ ಹೊಂದಿಕೊಂಡರು. ಮ್ಯಾಸಬೇಡರು ದನದ ಹಿಂದೆ ಕಾಡುಮೇಡು ಅಲೆದು, ಮುಳ್ಳುಬೇಲಿಯ ಹಟ್ಟಿ ಕಟ್ಟಿಕೊಂಡರು. ನಾಯಕನಹಟ್ಟಿ, ಕಂಪಳದೇವರಹಟ್ಟಿ ಮೊದಲಾದ ಊರಹೆಸರುಗಳಲ್ಲಿ ಆ ಹಟ್ಟಿಗಳು ಇನ್ನೂ ಉಳಿದಿವೆ. ಬೇಡ ಪಾಳೆಯಗಾರರು 1568ರಿಂದ 1779ರವರೆಗೆ ಚಿತ್ರದುರ್ಗವನ್ನು ಆಳಿದರು. ಕೊನೆಯ ಮದಕರಿನಾಯಕನನ್ನು ಸೋಲಿಸಿದ ಹೈದರಾಲಿ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ ಅವರ ಹುಡುಗರನ್ನು ಚೇಲಾ ಎಂಬ ಸೆರೆಯಾಳುಗಳ ಪಡೆಗೆ ಸೇರಿಸಿದನೆಂದೂ ಬ್ರಿಟಿಷರ ಕಾಲದ ಗ್ಯಾಸೆಟಿಯರ್ ದಾಖಲಿಸಿದೆ. ಆಳುವವರಾಗಿದ್ದ ಜನ ಒಂದೇ ತಲೆಮಾರಿನಲ್ಲಿ ಚೆದುರಿಹೋದರು.

ಮ್ಯಾಸಬೇಡರ ಬದುಕಿನ ನಡುಗಂಬವೆಂದರೆ ಗುಡಿಕಟ್ಟು. ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕ, ದಡ್ಡಿ ಸೂರನಾಯಕ ಮೊದಲಾದವರು ಹಿಂದೆ ದನ ಕಾದ, ಕಾದಾಡಿದ ಹಿರಿಯರು, ಈಗ ದೇವರುಗಳು. ಒಬ್ಬೊಬ್ಬ ದೇವರಿಗೂ ನಡೆದುಕೊಳ್ಳುವ ಹಟ್ಟಿಗಳು, ಯಜಮಾನ, ಪೂಜಾರಿ ಇದ್ದಾರೆ. ದೇವರ ಹೆಸರಿನಲ್ಲಿ ಬಿಟ್ಟ ದನಗಳ ಹಿಂಡೂ ಇದೆ. ಈ ದೇವರ ಎತ್ತುಗಳಿಗೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ, ಸತ್ತರೆ ಮನೆಯವರಂತೆ ಮಣ್ಣು ಮಾಡುತ್ತಾರೆ. ಅವನ್ನು ಕಾಯುವವನು ಕಿಲಾರಿ. ಆಸ್ತಿಯ ಲೆಕ್ಕದಲ್ಲಿ ಕಿಲಾರಿ ಬಡವ. ಆದರೆ ಹತ್ತಾರು ಎಕರೆಯ ಒಡೆಯನೂ ಅವನೆದುರು ಕೈ ಮುಗಿಯುತ್ತಾನೆ. ಈ ಸಮಾಜದ ಏಣಿಯಲ್ಲಿ ಹಣಕ್ಕಿಂತ ವ್ರತ ಮೇಲಿತ್ತು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಬರ ಬಂದ ವರ್ಷ ಮೇವಿಲ್ಲದೆ ಈ ದನಗಳು ಸೊರಗಿದಾಗ ಇಡೀ ಗುಡಿಕಟ್ಟೇ ತತ್ತರಿಸುತ್ತದೆ.

ಮ್ಯಾಸಬೇಡರಿಗೆ ಕೋಳಿ, ಹಂದಿ ವರ್ಜ್ಯ, ಹೆಂಡವೂ ನಿಷಿದ್ಧ. ಹಲವು ಹಟ್ಟಿಗಳಲ್ಲಿ ಮನೆಮಾತು ತೆಲುಗು, ಸಂತೆಯ ಮಾತು ಕನ್ನಡ. ಜಗಳ ಬಂದರೆ ಹಿರಿಯರು ಕರಿಕಂಬಳಿಯ ಗದ್ದುಗೆ ಹಾಕಿ ನ್ಯಾಯ ಹೇಳುತ್ತಿದ್ದರು. ದಿನದ ಊಟಕ್ಕೆ ರಾಗಿಮುದ್ದೆ, ಜೋಳದ ರೊಟ್ಟಿ, ನವಣೆ ಇಲ್ಲವೇ ಸಾಮೆಯ ಅನ್ನ, ಹುರುಳಿಕಾಳಿನ ಸಾರು, ಮಜ್ಜಿಗೆ. ಭತ್ತದ ಅನ್ನ ಹಬ್ಬಕ್ಕೆ.

ಅವರ ನೆರೆಯವರು ಕಾಡುಗೊಲ್ಲರು, ಕುರಿ–ದನ ಸಾಕುವ ಇನ್ನೊಂದು ಪಶುಪಾಲಕ ಸಮುದಾಯ. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಅವರ ವೀರರು. ಚಳ್ಳಕೆರೆ ತಾಲ್ಲೂಕಿನ ಕ್ಯಾತಪ್ಪನ ಜಾತ್ರೆಯಲ್ಲಿ ಬಾರೆಕಳ್ಳೆಯ ಮುಳ್ಳು ಒಟ್ಟಿ ಗುಡಿ ಕಟ್ಟುತ್ತಾರೆ. ಗೊಲ್ಲರ ಹುಡುಗರು ಬರಿಗಾಲಲ್ಲಿ ಆ ಮುಳ್ಳಿನ ಮೇಲೆ ಏರಿ ತುದಿಯ ಕಳಸಕ್ಕೆ ಕೈ ಹಾಕುತ್ತಾರೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಇದೇ ಸಮುದಾಯದವರು. ಅಕ್ಷರ ಕಲಿಯದ ಈ ತಾಯಿಯ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು; ಕೃಷ್ಣಮೂರ್ತಿ ಹನೂರು ಅವನ್ನು ಸಂಗ್ರಹಿಸಿದರು. ತೀ.ನಂ. ಶಂಕರನಾರಾಯಣ ಕಾಡುಗೊಲ್ಲರ ಸಂಪ್ರದಾಯಗಳನ್ನು ಕುರಿತ ಸಂಶೋಧನೆ ಮಾಡಿದ್ದಾರೆ.

ಈ ಹಾಡುಗಳನ್ನು ಹೊತ್ತ ಹೆಣ್ಣುಮಕ್ಕಳನ್ನೇ ಹಟ್ಟಿಯ ಮಡಿ ಹೊರಗಿಟ್ಟಿದೆ. ಮುಟ್ಟಾದವರು, ಎಳೆಕೂಸಿನ ಬಾಣಂತಿಯರು ಹಟ್ಟಿಯಾಚೆ ಗುಡಿಸಲಲ್ಲಿ ಮಳೆ–ಚಳಿಗೆ ಮೈಯೊಡ್ಡಿ ದಿನ ಕಳೆಯುವುದು ಇನ್ನೂ ಪೂರ್ತಿ ನಿಂತಿಲ್ಲ. ಇದನ್ನು ಸಂಪ್ರದಾಯವೆಂದು ಸಮರ್ಥಿಸಲು ಸಾಧ್ಯವಿಲ್ಲ. ಬೇಡ, ಮಾದಿಗ ಕುಟುಂಬಗಳಲ್ಲಿ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಸವಿ ಬಿಡುವ ಪದ್ಧತಿಯೂ ಇತ್ತು. 1982ರ ದೇವದಾಸಿ ಪದ್ಧತಿ ನಿಷೇಧ ಕಾಯ್ದೆ ಅದನ್ನು ಅಪರಾಧವಾಗಿಸಿತು. ಜಾತ್ರೆಗೆ ಉರುಮೆ ಬಾರಿಸುವವರು, ಬೇಸಾಯಕ್ಕೆ ಚರ್ಮದ ಮಿಣಿ–ಬಾರುಕೋಲು ಕೊಟ್ಟವರು ಮಾದಿಗರು. ಅವರ ಉರುಮೆಯಿಲ್ಲದೆ ದೇವರು ಹೊರಡುವುದಿಲ್ಲ. ಆದರೆ ಗುಡಿಯೊಳಕ್ಕೆ ಅವರಿಗೆ ಪ್ರವೇಶವಿರಲಿಲ್ಲ.

ಕುರುಬರ ಕಂಬಳಿ ಚಳ್ಳಕೆರೆಯ ಹೆಸರನ್ನು ದೂರದೂರಿಗೆ ಕೊಂಡೊಯ್ದಿತು. ವರ್ಷಕ್ಕೆ ಎರಡು ಸಲ ಕುರಿಯ ಉಣ್ಣೆ ಕತ್ತರಿಸುತ್ತಾರೆ. ಅದನ್ನು ಹಿಂಜಿ ಹದಮಾಡಿದ ಮೇಲೆ ಹೆಂಗಸರು ನೂಲು ತೆಗೆಯುತ್ತಾರೆ. ಹುಣಸೆಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ಅರೆದು ಕುದಿಸಿದ ಗಂಜಿಯನ್ನು ಹಾಸಿನ ನೂಲಿಗೆ ಸವರಿ ಬಿಸಿಲಲ್ಲಿ ಒಣಗಿಸಿದರೆ ಎಳೆ ಬಿಗಿಯಾಗುತ್ತದೆ. ಆಮೇಲೆ ಗುಂಡಿಮಗ್ಗದಲ್ಲಿ ಗಂಡಸರು ನೇಯುತ್ತಾರೆ. ಹೀಗೆ ಮನೆಮಂದಿಯೆಲ್ಲ ದುಡಿದ ಕಂಬಳಿ ಮಳೆಗೆ ಗೊಪ್ಪೆ, ರಾತ್ರಿಗೆ ಹಾಸಿಗೆ, ಮದುವೆಗೆ ಗದ್ದುಗೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಯದು ಬೇರೆಯೇ ಲೋಕ: ಹೂವು, ಹಣ್ಣು, ಪ್ರಾಣಿಗಳ ಚಿತ್ತಾರವಿರುವ ಆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಇನ್ನು ಶೇಂಗಾ ಬೆಳೆ ಹಬ್ಬಿದಂತೆ ಚಳ್ಳಕೆರೆಯಲ್ಲಿ ಎಣ್ಣೆಮಿಲ್ಲುಗಳು ಎದ್ದವು. ಊರಿಗೆ ಎಣ್ಣೆನಗರಿ ಎಂಬ ಹೆಸರು ಬಂತು. ಮಂಡಿ ವರ್ತಕರೂ ಮಿಲ್ಲಿನ ಕೂಲಿಕಾರರೂ ಎಂಬ ಹೊಸ ವರ್ಗಗಳು ಹುಟ್ಟಿದವು.

ಮಂದೆಯ ಬದುಕಿಗೆ ದೊಡ್ಡ ಪೆಟ್ಟು ಬಿದ್ದದ್ದು ಕಾವಲು, ಅಂದರೆ ಮೀಸಲು ಹುಲ್ಲುಗಾವಲು, ಹೋದಾಗ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಅದರ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ ಕುದಾಪುರ, ವರವು ಕಾವಲುಗಳೂ ಸೇರಿದ್ದವು. ಸುತ್ತಲ ಹಳ್ಳಿಗಳ ಕುರಿ, ದನ ಮೇಯುತ್ತಿದ್ದದ್ದು ಇಲ್ಲೇ. ಕಂಬಳಿಯ ಉಣ್ಣೆಗೂ ಮೂಲ ಈ ಹುಲ್ಲೇ. 2007ರ ನಂತರದ ಕೆಲವೇ ವರ್ಷಗಳಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ, ಭಾಭಾ ಅಣುಸಂಶೋಧನಾ ಕೇಂದ್ರ, ಇಸ್ರೊ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳ ಪಾಲಾಯಿತು. ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಹಳ್ಳಿಗರು ಬೀದಿಗಿಳಿದರು, ವಿವಾದ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ದೇಶಕ್ಕೆ ಅಂಥ ಸಂಸ್ಥೆಗಳು ಬೇಕು, ನಿಜ. ಆದರೆ ಪಹಣಿಯಲ್ಲಿ ಹೆಸರಿಲ್ಲದ, ಮೇಯಿಸುವ ಹಕ್ಕನ್ನಷ್ಟೇ ನಂಬಿದ್ದ ಕುಟುಂಬಗಳ ನಷ್ಟಕ್ಕೆ ಸರಿಯಾದ ಲೆಕ್ಕವೇ ಆಗಲಿಲ್ಲ.

ಇಂದು ಸ್ಥಾನಮಾನವನ್ನು ತೀರ್ಮಾನಿಸುವ ಇನ್ನೊಂದು ದಾಖಲೆ ಸರ್ಕಾರದ ಪಟ್ಟಿ. 1991ರಲ್ಲಿ ಬೇಡರನ್ನೊಳಗೊಂಡ ನಾಯಕ ಸಮುದಾಯ ಪರಿಶಿಷ್ಟ ಪಂಗಡಕ್ಕೆ ಸೇರಿತು. 2008ರಿಂದ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಆ ಪಂಗಡಕ್ಕೆ ಮೀಸಲು. ಅದೇ ಮುಳ್ಳುಬೇಲಿಯ ಹಟ್ಟಿ, ಅದೇ ಮಂದೆಯ ಬದುಕು ತಮ್ಮದೂ ಎಂದು ವಾದಿಸುವ ಕಾಡುಗೊಲ್ಲರು ಆ ಪಟ್ಟಿಗೆ ಸೇರಲು ವರ್ಷಗಳಿಂದ ಬೇಡಿಕೆ ಇಡುತ್ತ ಬಂದಿದ್ದಾರೆ. ಹಟ್ಟಿಗಳ ಹೆಣ್ಣುಮಕ್ಕಳು ಶಾಲೆ–ಕಾಲೇಜು ಮೆಟ್ಟಿಲು ಹತ್ತಿದ್ದಾರೆ. ಹೊರಗೆ ಕೂರುವ ಕಟ್ಟಳೆಯನ್ನು ಮೊದಲು ಪ್ರಶ್ನಿಸುತ್ತಿರುವವರೂ ಅವರೇ.